ಸಣ್ಣ ದೋಣಿಗೆ ವಿಎಚ್‌ಎಫ್ ರೇಡಿಯೋ: ವ್ಯಾಟ್ ಆಮೇಲೆ, ಎತ್ತರ ಮೊದಲು

ನೀವು ಕೇಳಿದ್ದು ಇಷ್ಟು ಅಲ್ವಾ: ಊರು ಸಾಗರ, 16 ಅಡಿಯ ಫೈಬರ್ ದೋಣಿ, ಹೆಚ್ಚಾಗಿ ಶರಾವತಿ ಹಿನ್ನೀರಿನಲ್ಲೇ ಓಡಾಟ. ವರ್ಷಕ್ಕೆ ಎರಡು ಮೂರು ಸಲ ದೋಣಿಯನ್ನು ಹೊನ್ನಾವರಕ್ಕೆ ಒಯ್ದು ಸಮುದ್ರಕ್ಕೂ ಇಳಿಸುತ್ತೀರಿ. ಮರೈನ್ ವಿಎಚ್‌ಎಫ್ ರೇಡಿಯೋ, ಅಂದರೆ ಸಮುದ್ರದಲ್ಲಿ ಬೋಟುಗಳು ಮಾತಾಡಿಕೊಳ್ಳುವ ರೇಡಿಯೋ, ಕೈಯಲ್ಲಿ ಹಿಡಿಯುವಂಥದ್ದು ತಗೊಳ್ಳಲೋ, 25 ವ್ಯಾಟ್‌ನ ಫಿಕ್ಸೆಡ್ ಸೆಟ್ ಕೂರಿಸಲೋ?

ನಾನೂ ಸಾಗರದ ಕಡೆಯವನೇ. ಎಂಟು ವರ್ಷ ಹೊನ್ನಾವರದಲ್ಲಿ ಮೀನಿನ ಬೋಟುಗಳಿಗೆ ವೈರಿಂಗ್ ಮಾಡಿ, ರೇಡಿಯೋ ಕೂರಿಸಿ, ಈಗ ಘಟ್ಟ ಹತ್ತಿ ವಾಪಸ್ ಬಂದಿದ್ದೇನೆ.

ಮೊದಲು ಹಿನ್ನೀರಿನ ಮಾತು ಮುಗಿಸೋಣ. ಅಲ್ಲಿಗೆ ಮರೈನ್ ರೇಡಿಯೋ ಸುಮ್ನೆ ಖರ್ಚು. ಊರಿನ ಹೆಸರು ಸಾಗರ ಅಂತ ಇದ್ದ ಮಾತ್ರಕ್ಕೆ ಚಾನೆಲ್ 16ಕ್ಕೆ, ಅಂದರೆ ಸಮುದ್ರದಲ್ಲಿ ಅಪಾಯದ ಕರೆಗೆ ಇಟ್ಟಿರುವ ಚಾನೆಲ್‌ಗೆ, ಕಿವಿ ಕೊಟ್ಟು ಯಾರೂ ಕೂತಿರುವುದಿಲ್ಲ. ನೀವು ಕೂಗಿದರೆ ಕೇಳಿಸಿಕೊಳ್ಳುವವರು ಬೇಕಲ್ಲ? 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾದ ಮೇಲೆ ಅಂಬಾರಗೊಡ್ಲು ದಡದಲ್ಲಿ ಲಾಂಚ್‌ಗೆ ಕಾಯುವ ಜನರೂ ಇಲ್ಲ. ಅಲ್ಲಿ ನಿಮಗೆ ಬೇಕಾದ್ದು ಲೈಫ್ ಜಾಕೆಟ್, ವಾಟರ್‌ಪ್ರೂಫ್ ಚೀಲದಲ್ಲಿ ಫೋನು, ಮನೆಯಲ್ಲಿ 'ಇಷ್ಟು ಹೊತ್ತಿಗೆ ಬರುತ್ತೇನೆ' ಅಂತ ಹೇಳಿದ ಒಂದು ಮಾತು. ತುಮರಿ ಕಡೆ ನೆಟ್‌ವರ್ಕ್ ಪಾಡು ನಿಮಗೆ ಗೊತ್ತೇ ಇದೆ. ದಡದಲ್ಲಿರುವವರ ಜೊತೆ ಮಾತಾಡಲೇಬೇಕು ಅಂದರೆ 865–868 ಮೆಗಾಹರ್ಟ್ಸ್‌ನ ವಾಕಿಟಾಕಿ ಜೋಡಿ ಸಿಗುತ್ತದೆ. ಅದಕ್ಕೆ ಲೈಸೆನ್ಸ್ ಬೇಡ.

ಆ ಜೋಡಿಯನ್ನು ಒಂದು ಬೇಸಿಗೆಯಲ್ಲಿ ನಾನೂ ನನ್ನ ಅಳಿಯನೂ ಅಲ್ಲೇ ಪರೀಕ್ಷೆ ಮಾಡಿದ್ದೆವು. ನೀರು ಇಳಿದು, ಮುಳುಗಿದ್ದ ಮರಗಳ ಕರೀ ಬುಡಗಳೆಲ್ಲ ಹೊರಗೆ ಬಂದಿದ್ದವು. ಅವನು ದೋಣಿಯಲ್ಲಿ ದೂರ ಹೋದರೂ ಮಾತು ಚೆನ್ನಾಗಿಯೇ ಬರುತ್ತಿತ್ತು. ಒಂದು ನಡುಗಡ್ಡೆಯ ಹಿಂದಕ್ಕೆ ತಿರುಗಿದನೋ ಇಲ್ಲವೋ, ಬರೀ ಬುಸ್ ಅನ್ನುವ ಸದ್ದು. ಆಮೇಲೆ ಅವನು ಆ ಗಡ್ಡೆಯ ನೆತ್ತಿಗೆ ಹತ್ತಿ 'ಮಾವ, ಕೇಳ್ತಾ?' ಅಂದ. ಪಕ್ಕದಲ್ಲೇ ನಿಂತು ಮಾತಾಡಿದ ಹಾಗೆ ಕೇಳಿಸಿತು. ಸೆಟ್ ಅದೇ, ವ್ಯಾಟ್ ಅದೇ. ಬದಲಾಗಿದ್ದು ಎತ್ತರ ಮಾತ್ರ.

ಸಮುದ್ರದಲ್ಲೂ ಕತೆ ಇದೇ. ಅಲ್ಲಿ ಗುಡ್ಡದ ಬದಲು ಭೂಮಿಯ ಬೆನ್ನೇ ಅಡ್ಡ ಬರುತ್ತದೆ. ಲೆಕ್ಕ ಸುಲಭ. ಆಂಟೆನಾ ನೀರಿನಿಂದ 1 ಮೀಟರ್ ಎತ್ತರದಲ್ಲಿದ್ದರೆ ಅದರ ದಿಗಂತ ಸುಮಾರು 4 ಕಿಲೋಮೀಟರ್. 4 ಮೀಟರ್ ಇದ್ದರೆ 8. 9 ಮೀಟರ್ ಇದ್ದರೆ 12. ಎರಡೂ ಕಡೆಯದನ್ನು ಕೂಡಿಸಿ. ನೀವು ದೋಣಿಯಲ್ಲಿ ಕೂತು ಸೆಟ್ ಹಿಡಿದಿದ್ದೀರಿ, ಆ ಕಡೆ ಬೋಟಿನ ಆಂಟೆನಾ 4 ಮೀಟರ್ ಮೇಲಿದೆ ಅಂದರೆ 12 ಕಿಲೋಮೀಟರ್ ಆಸುಪಾಸು. ವ್ಯಾಟ್ ಜಾಸ್ತಿ ಮಾಡಿದರೆ ಆ ದೂರದೊಳಗೆ ಧ್ವನಿ ಸ್ವಚ್ಛವಾಗುತ್ತದೆ, ಅಷ್ಟೇ. ದಿಗಂತದ ಆಚೆ ಬಗ್ಗಿ ಹೋಗುವುದಿಲ್ಲ.

ಹಾಗಾಗಿ ವರ್ಷಕ್ಕೆ ಮೂರು ಸಲ, ದಡ ಕಾಣುವಷ್ಟು ದೂರ ಹೋಗುವ ನಿಮಗೆ ನನ್ನ ಮತ ಕೈಸೆಟ್‌ಗೇ. 5–6 ವ್ಯಾಟ್‌ನದು ಸಾಕು. ಇನ್ನೊಂದು ಕಾರಣವೂ ಇದೆ. ದೋಣಿ ಮಗುಚಿದರೆ ಫಿಕ್ಸೆಡ್ ಸೆಟ್ ದೋಣಿಯ ಜೊತೆ ಹೋಗುತ್ತದೆ, ಕೈಸೆಟ್ ನಿಮ್ಮ ಜಾಕೆಟ್‌ನಲ್ಲೇ ಇರುತ್ತದೆ. ಆದರೆ ತೇಲುವಂಥದ್ದೇ ತಗೊಳ್ಳಿ. ಐಪಿಎಕ್ಸ್7 ಅಂತ ಬರೆದಿದ್ದರೆ 1 ಮೀಟರ್ ನೀರಲ್ಲಿ 30 ನಿಮಿಷ ತಡೆಯುತ್ತದೆ ಅಂತ ಅರ್ಥ, ತೇಲುತ್ತದೆ ಅಂತ ಅಲ್ಲ. ನನ್ನದೊಂದು ಸೆಟ್ ಜೆಟ್ಟಿಯಿಂದ ಜಾರಿ ಬುಳುಕ್ ಅಂತ ಹೋಯಿತು. ಒಳಗೆ ನೀರು ಹೊಕ್ಕಿರಲಿಕ್ಕಿಲ್ಲ. ಕೆಸರಿನ ತಳದಲ್ಲಿ ಆರಾಮಾಗಿ ಇದ್ದಿರಬೇಕು.

ದುಡ್ಡು ಸ್ವಲ್ಪ ಜಾಸ್ತಿಯಾದರೂ ಜಿಪಿಎಸ್ ಮತ್ತು ಡಿಎಸ್‌ಸಿ (ಗುಂಡಿ ಒತ್ತಿದರೆ ಅಪಾಯದ ಸಂದೇಶ ಕಳಿಸುವ ವ್ಯವಸ್ಥೆ) ಇರುವ ಸೆಟ್ ನೋಡಿ. ಐಕಾಮ್, ಸ್ಟ್ಯಾಂಡರ್ಡ್ ಹೊರೈಜನ್ ಎರಡೂ ಕಂಪನಿಗಳಲ್ಲಿ ಇವೆ. ಮುಚ್ಚಳದ ಕೆಳಗಿನ ಕೆಂಪು ಗುಂಡಿ ಒತ್ತಿ ಹಿಡಿದರೆ ನೀವು ಯಾರು, ಎಲ್ಲಿದ್ದೀರಿ ಅನ್ನುವುದು ಚಾನೆಲ್ 70ರಲ್ಲಿ ತಾನಾಗಿಯೇ ಹೋಗುತ್ತದೆ. ಅಲೆ ಎದ್ದಾಗ ಅಕ್ಷಾಂಶ ರೇಖಾಂಶ ಓದಿ ಹೇಳುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಆದರೆ ಸೆಟ್‌ಗೆ ದೋಣಿಯ ಗುರುತಾದ 9 ಅಂಕಿಯ ಎಂಎಂಎಸ್‌ಐ ನಂಬರ್ ಹಾಕದಿದ್ದರೆ ಆ ಗುಂಡಿ ಬರೀ ಅಲಂಕಾರ. ನಮ್ಮ ದೇಶದ ದೋಣಿಗಳ ನಂಬರ್ 419ರಿಂದ ಶುರುವಾಗುತ್ತದೆ. ಮರೈನ್ ಸೆಟ್ ಇಟ್ಟುಕೊಳ್ಳಲಿಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿಯೂ ಬೇಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎಲ್ಲಾ ಬ್ಯಾಂಡಿನ ಚೀನಾ ವಾಕಿಟಾಕಿ ತಂದು ಚಾನೆಲ್ 16ರ 156.8 ಮೆಗಾಹರ್ಟ್ಸ್ ಹೊಂದಿಸಿಕೊಳ್ಳುವ ಜಾಣತನ ಬೇಡ. ಉಪ್ಪುನೀರಿಗೂ ಅದು ಬಾಳುವುದಿಲ್ಲ, ಕಾನೂನಿಗೂ ಬಾಳುವುದಿಲ್ಲ.

ಮುಂದೆ ಯಾವಾಗಲಾದರೂ ಫಿಕ್ಸೆಡ್ ಸೆಟ್ ಕೂರಿಸಿದರೆ 9 ಡಿಬಿ ಆಂಟೆನಾಕ್ಕೆ ಮರುಳಾಗಬೇಡಿ (ಡಿಬಿ ಅಂದರೆ ಆಂಟೆನಾ ಸಿಗ್ನಲನ್ನು ಎಷ್ಟು ಒತ್ತಟ್ಟಿಗೆ ಕೂಡಿಸಿ ಬಿಡುತ್ತದೆ ಅನ್ನುವ ಅಳತೆ). ಅದರ ಸಿಗ್ನಲ್ ದೋಸೆಯ ಹಾಗೆ ತೆಳ್ಳಗೆ ಹರಡುತ್ತದೆ. ಸಣ್ಣ ದೋಣಿ ಓಲಾಡಿದಾಗ ಅರ್ಧ ಆಕಾಶಕ್ಕೆ, ಅರ್ಧ ನೀರಿಗೆ. 3 ಡಿಬಿಯದು ಕಡುಬಿನ ಹಾಗೆ ದಪ್ಪ, ಓಲಾಡಿದರೂ ತಲುಪುತ್ತದೆ. 25 ವ್ಯಾಟ್‌ನಲ್ಲಿ ಮಾತಾಡುವಾಗ ಸೆಟ್ 5–6 ಆಂಪಿಯರ್ ಎಳೆಯುತ್ತದೆ, ಅದಕ್ಕೆ ದಪ್ಪ ವೈರ್ ಬೇಕು. 'ಕೇಳಿಸುತ್ತೆ, ಆದ್ರೆ ನಮ್ಮ ಮಾತು ಯಾರಿಗೂ ಹೋಗಲ್ಲ' ಅಂತ ನನ್ನ ಹತ್ತಿರ ಬರುತ್ತಿದ್ದ ಬೋಟುಗಳಲ್ಲಿ ಸೆಟ್ ಕೆಟ್ಟಿರುತ್ತಿದ್ದದ್ದು ಕಡಿಮೆ. ವೈರ್ ತೆಳುವಾಗಿ, ಮೈಕಿನ ಗುಂಡಿ ಒತ್ತಿದ ಕೂಡಲೇ ಡಿಸ್ಪ್ಲೇ ಮಂಕಾಗುತ್ತಿತ್ತು. ಇಲ್ಲವೇ ಆಂಟೆನಾ ಕನೆಕ್ಟರ್ ಬಿಚ್ಚಿದರೆ ಒಳಗೆ ತುಕ್ಕಿನ ಹಸಿರು ಪುಡಿ.

ಹೊನ್ನಾವರದ ಅಳಿವೆಯ ಮರಳು ಜಾಗ ಬದಲಿಸುತ್ತಾ ಇರುತ್ತದೆ, ಅಲ್ಲೇ ಅಲೆ ಒಡೆಯುವುದು. ಅದನ್ನು ದಾಟುವ ಮೊದಲೇ ಹೊಳೆಯಲ್ಲಿ ನಿಂತು ರೇಡಿಯೋ ಪರೀಕ್ಷೆ ಮಾಡಿಕೊಳ್ಳಿ. ಅದನ್ನು 16ರಲ್ಲಿ ಮಾಡಬೇಡಿ. ಪಕ್ಕದ ಬೋಟಿನವರಿಗೆ ಮೊದಲೇ ಹೇಳಿ ಚಾನೆಲ್ 72ರಲ್ಲಿ ಮಾತಾಡಿ. ಆಮೇಲೆ ಸೆಟ್ಟನ್ನು 16ಕ್ಕೆ ತಂದು ಬಿಡಿ. ಫೋನಿನಲ್ಲಿ ಕೋಸ್ಟ್ ಗಾರ್ಡ್‌ನ ತುರ್ತು ನಂಬರ್ 1554 ಕೂಡ ಸೇವ್ ಮಾಡಿಟ್ಟುಕೊಳ್ಳಿ.