ಹಾಲು ಕುಡಿಸಿದರೂ ತೂಕ ಏರುತ್ತಿದೆ, ಯಾಕೆ?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಮೊದಲ ಹೆರಿಗೆಯಾಗಿ ಏಳು ತಿಂಗಳು. ಬಸುರಿಯಾಗುವ ಮುಂಚೆ 55 ಕೆ.ಜಿ. ಇದ್ದೆ, ಹೆರಿಗೆ ಹೊತ್ತಿಗೆ 68. ಎರಡು ತಿಂಗಳಿಗೆ 60ಕ್ಕೆ ಇಳಿದಿತ್ತು, ಈಗ ಮತ್ತೆ 65! ಮಗುವಿಗೆ ರಾಗಿ ಸರಿ ಶುರು ಮಾಡಿದ್ದೇವೆ, ಉಳಿದಂತೆ ನನ್ನ ಹಾಲೇ. ಹಾಲು ಕುಡಿಸಿದರೆ ತಾನಾಗೇ ಸಣ್ಣಗಾಗ್ತೀಯ ಅಂತ ಎಲ್ಲರೂ ಹೇಳಿದ್ದರು. ಹೊಟ್ಟೆಗೆ ಸರಿಯಾಗಿ ಬಟ್ಟೆ ಕಟ್ಟಲಿಲ್ಲ, ಅದಕ್ಕೇ ಹೀಗೆ ಅಂತಾರೆ ಅತ್ತೆ. ಓರಗಿತ್ತಿ ಮೂರೇ ತಿಂಗಳಲ್ಲಿ ಮೊದಲಿನಂತಾಗಿದ್ದಳು. ನನಗೆ ಯಾವಾಗಲೂ ಸುಸ್ತು, ಕೂದಲು ಬೇರೆ ಉದುರುತ್ತಿದೆ. ರಾತ್ರಿ ಊಟ ಬಿಡಲಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ರಾತ್ರಿ ಊಟ ಬಿಡಬೇಡಿ. ಓರಗಿತ್ತಿ ಜೊತೆ ಹೋಲಿಸಿಕೊಳ್ಳುವುದನ್ನು ಬಿಡಿ, ಅವರ ಮೈ ಬೇರೆ, ನಿಮ್ಮ ಮೈ ಬೇರೆ.

ನೀವೇ ಕೊಟ್ಟ ಲೆಕ್ಕ ನೋಡೋಣ. ಹೆರಿಗೆಯ ದಿನವೇ ಮಗು, ಮಾಸು, ನೀರು ಎಲ್ಲ ಸೇರಿ ಐದಾರು ಕೆ.ಜಿ. ಹೋಗುತ್ತದೆ. ಆಮೇಲೆ ಮೈಯಲ್ಲಿ ನಿಂತಿದ್ದ ನೀರು ಇಳಿಯುತ್ತದೆ, ಗರ್ಭಕೋಶ ಸುಮಾರು ಆರು ವಾರದಲ್ಲಿ ಮೊದಲಿನ ಗಾತ್ರಕ್ಕೆ ಬರುತ್ತದೆ. ಎರಡು ತಿಂಗಳಿಗೆ 60 ಅಂದರೆ ನಿಮ್ಮದು ಚೆನ್ನಾಗಿಯೇ ಇಳಿದಿತ್ತು. ಈಗಿನ ಐದು ಕೆ.ಜಿ. ಬಂದಿರುವುದು ಅದರ ನಂತರ, ಅಲ್ವಾ? ಹಾಗಾಗಿ ಹೊಟ್ಟೆಗೆ ಕಟ್ಟುವ ಬಟ್ಟೆಯ ಮಾತು ಇಲ್ಲಿ ಬರುವುದೇ ಇಲ್ಲ. ಬಟ್ಟೆ ಸೊಂಟಕ್ಕೆ ಆಸರೆ ಕೊಡಬಹುದು, ಕೊಬ್ಬು ಕರಗಿಸುವುದಿಲ್ಲ.

ಹಾಲು ಕುಡಿಸಲು ಮೈ ದಿನಕ್ಕೆ ಸುಮಾರು 500 ಕ್ಯಾಲೊರಿ ಖರ್ಚು ಮಾಡುತ್ತದೆ, ನಿಜ. ಆದರೆ ತವರಿನಿಂದ ಡಬ್ಬಿಗಟ್ಟಲೆ ಅಂಟಿನುಂಡೆ ಬಂದಿರುತ್ತದೆ, ಅದರಲ್ಲಿ ಒಣಕೊಬ್ಬರಿ, ತುಪ್ಪ, ಬೆಲ್ಲ, ಗೋಡಂಬಿ ಎಲ್ಲ ಇರುತ್ತದೆ, ದೊಡ್ಡ ಉಂಡೆ ಎರಡು ತಿಂದರೆ ಆ ಖರ್ಚಿನ ಬಹುಪಾಲು ವಾಪಸ್ ಬಂದ ಹಾಗೇ. ಬಾಣಂತನದಲ್ಲಿ ಅದು ಬೇಕಿತ್ತು, ನಿಮ್ಮಮ್ಮ ಪ್ರೀತಿಯಿಂದ ಮಾಡಿದ್ದು. ಈಗ ಮಗು ರಾಗಿ ಸರಿ ತಿನ್ನುತ್ತಿದೆ, ಮುಂದೆ ಹಾಲು ಕುಡಿಯುವುದು ನಿಧಾನವಾಗಿ ಕಡಿಮೆಯಾಗುತ್ತದೆ. ಉಂಡೆ ನಿಲ್ಲಿಸಿ. ಮೊಟ್ಟೆ, ಕಾಳು, ಸೊಪ್ಪಿನ ಸಾರು, ಮಜ್ಜಿಗೆ ಬಿಡಬೇಡಿ.

ನಿದ್ದೆಯ ಬಗ್ಗೆ ನೀವು ಬರೆದೇ ಇಲ್ಲ. ಏಳು ತಿಂಗಳ ಮಗುವಿನ ತಾಯಿ ರಾತ್ರಿ ಎಷ್ಟು ಸಲ ಏಳುತ್ತಾಳೆ ಅಂತ ನನಗೆ ಗೊತ್ತು. ನಿದ್ದೆಗೆಟ್ಟರೆ ಹಸಿವು ಜಾಸ್ತಿಯಾಗುತ್ತದೆ, ಅದೂ ಸಿಹಿ, ಕರಿದದ್ದೇ ಬೇಕು ಅನ್ನಿಸುತ್ತದೆ. ರಾತ್ರಿ ಹಾಲು ಕುಡಿಸಿದ ಮೇಲೆ ತಟ್ಟಿ ಮಲಗಿಸುವ ಕೆಲಸ ನಿಮ್ಮ ಗಂಡನಿಗೆ ಬಿಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ, ಔಷಧಿ ಬರೆದ ಹಾಗೇ ಬರೆಯುತ್ತಿದ್ದೇನೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಅನುಮಾನ ಥೈರಾಯ್ಡ್ ಮೇಲೆ. ಹೆರಿಗೆಯಾಗಿ ನಾಲ್ಕರಿಂದ ಎಂಟು ತಿಂಗಳೊಳಗೆ ಕೆಲವರಿಗೆ ಥೈರಾಯ್ಡ್ ಕೆಲಸ ನಿಧಾನವಾಗುತ್ತದೆ. ಸುಸ್ತು, ಕೂದಲು ಉದುರುವುದು, ಮಲಬದ್ಧತೆ, ಚಳಿ ತಡೆಯಲಾಗದಿರುವುದು, ತೂಕ ಏರುವುದು ಅದರ ಲಕ್ಷಣ. ಬಾಣಂತಿಯರಿಗೆ ಬರೀ ಕೂದಲು ಉದುರಿದರೆ ಹೆದರಬೇಕಿಲ್ಲ, ಆದರೆ ನಿಮಗೆ ಸುಸ್ತು, ಕೂದಲು ಉದುರುವುದು, ತೂಕ ಏರುವುದು ಮೂರೂ ಒಟ್ಟಿಗೆ ಇವೆ. ಈ ವಾರವೇ ಟಿಎಸ್‌ಎಚ್ (ಥೈರಾಯ್ಡ್ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆ) ಮತ್ತು ರಕ್ತಹೀನತೆ ಇದೆಯಾ ಅಂತ ನೋಡಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಮಾತ್ರೆ ಬೇಕಾದರೆ ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದು, ಮಗುವಿಗೆ ತೊಂದರೆಯಿಲ್ಲ. ಬಸುರಿನಲ್ಲಿ ಸಕ್ಕರೆ ಜಾಸ್ತಿ ಇತ್ತು ಅಂದಿದ್ದರೆ ಅದನ್ನೂ ನೋಡಿಸಿ.

ದಿನಾ ಸಂಜೆ ಮಗುವನ್ನು ಎತ್ತಿಕೊಂಡು ಅರ್ಧ ಗಂಟೆ ನಡೆಯಿರಿ. ತಿಂಗಳಿಗೆ ಒಂದು ಕೆ.ಜಿ. ಇಳಿದರೂ ಸಾಕು. ರಿಪೋರ್ಟ್ ಬಂದ ಮೇಲೆ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.