ಮಂಜು, ಮಳೆ, ಕಾಫಿ ಹೂವು ಬಿಟ್ಟು ಬೇರೇನು ಬರೆಯಲಿ?

ಪ್ರಶ್ನೆ: ಮೇಡಂ, ನಾನು ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ, ಅಂದರೆ ಹಾಜರಿ, ಲೆಕ್ಕ ಬರೆಯುವ ಕೆಲಸ. ಕಾಲೇಜಿನಲ್ಲಿದ್ದಾಗ ಕಥೆ ಬರೆಯುತ್ತಿದ್ದೆ, ಒಂದೆರಡು ಅಚ್ಚೂ ಆಗಿವೆ. ಈಗ ಬರೆಯಲು ಕೂತರೆ ಮಂಜು, ಮಳೆ, ಕಾಫಿ ಹೂವಿನ ಘಮ ಅಂತ ಎರಡು ಪ್ಯಾರಾ ಆಗುತ್ತೆ, ಅಲ್ಲಿಗೆ ನಿಂತುಹೋಗುತ್ತೆ. ಬೆಂಗಳೂರಿನ ಗೆಳೆಯರು ‘ಕೊಡಗಿನಲ್ಲಿದ್ದೀಯ, ಸ್ಫೂರ್ತಿಗೇನು ಬರ?’ ಅಂತಾರೆ. ನನಗೆ ಮಾತ್ರ ಏನೂ ಹೊಳೆಯುತ್ತಿಲ್ಲ.
– ಹೆಸರು ಬೇಡ, ಸಿದ್ದಾಪುರ, ಕೊಡಗು

ಉತ್ತರ: ನಿಮ್ಮ ಗೆಳೆಯರು ಹೋಂಸ್ಟೇಗೆ ಬಂದು ಎರಡು ದಿನ ಇದ್ದು ಹೋಗುವವರು. ಅವರಿಗೆ ಮಂಜೇ ದೊಡ್ಡ ಸುದ್ದಿ. ನಿಮಗೆ ಅದು ಬೆಳಗ್ಗೆ ಬೈಕ್ ಓಡಿಸೋಕೆ ಬಿಡದ ತಾಪತ್ರಯ, ಅಲ್ವಾ? ಅವರು ಮೆಚ್ಚಲಿ ಅಂತ ಅವರ ಕಣ್ಣಲ್ಲೇ ನೋಡಿ ಬರೆಯುತ್ತಿದ್ದೀರಿ, ಅದಕ್ಕೇ ಎರಡು ಪ್ಯಾರಾಗೆ ಸರಕು ಖಾಲಿ. ಹೂವಿಗೆ ಯಾರ ಮೇಲೂ ಸಿಟ್ಟಿಲ್ಲ, ಸಾಲ ತೀರಿಸುವ ಚಿಂತೆ ಇಲ್ಲ. ಕಥೆ ಮುಂದೆ ಹೋಗೋದಾದರೂ ಹೇಗೆ?

ಅದೇ ಹೂವನ್ನು ಬೆಳೆಗಾರನ ಕಡೆಯಿಂದ ನೋಡಿ. ಫೆಬ್ರವರಿ-ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಬರಬೇಕು. ಹೂ ಅರಳಿದ ಮೇಲೆ ಕೆಲವು ವಾರದೊಳಗೆ ಇನ್ನೊಂದು ಮಳೆ ಬೀಳದಿದ್ದರೆ ಕಾಯಿ ಸರಿಯಾಗಿ ಕಟ್ಟೋದಿಲ್ಲ. ಕೆರೆ ಇರುವವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಇಲ್ಲದವರು ಮೋಡ ನೋಡುತ್ತಾರೆ. ಅಕ್ಕಪಕ್ಕದ ಎರಡು ತೋಟ ಅಣ್ಣ-ತಮ್ಮಂದಿರದು ಅಂತಿಟ್ಟುಕೊಳ್ಳಿ, ಪಾಲಾದಾಗ ಕೆರೆ ಅಣ್ಣನಿಗೆ ಹೋಗಿದೆ, ಇಬ್ಬರಿಗೂ ಮಾತಿಲ್ಲ, ತಮ್ಮ ರಾತ್ರಿಯೆಲ್ಲ ಆಚೆ ತೋಟದ ಮೋಟಾರ್ ಸದ್ದು ಕೇಳುತ್ತಾ ಮಲಗಿದ್ದಾನೆ. ಬೆಳಗ್ಗೆ ಎದ್ದು ಏನು ಮಾಡುತ್ತಾನೆ? ಅದನ್ನು ಬರೆಯಿರಿ, ಘಮದ ವಿಷಯ ಆಮೇಲೆ ನೋಡೋಣ.

ಇನ್ನು ಕೊಯ್ಲಿನ ಸಂಜೆಯ ತೂಕ. ಲೆಕ್ಕ ಬರೆದುಕೊಳ್ಳುವವರೇ ನೀವು! ಕೆಜಿ ಮೇಲೆ ಕೂಲಿ ಇರುವ ಕಡೆ ಚೀಲ ಎತ್ತಿಟ್ಟ ಕೂಡಲೇ ಎಲ್ಲರ ಕಣ್ಣೂ ತೂಕದ ಮೇಲೇ ಇರುತ್ತೆ. ಒಬ್ಬಾಕೆ ತನ್ನ ಹಣ್ಣನ್ನು ಒಂದಿಷ್ಟು ಪಕ್ಕದವಳ ಚೀಲಕ್ಕೆ ಮೆಲ್ಲಗೆ ಸುರಿದಳು ಅನ್ನಿ. ಸಾಲವಾ, ಸ್ನೇಹವಾ, ಬಾಯಿ ಮುಚ್ಚಿಸೋಕಾ? ಹೋಗಿ ಕೇಳಬೇಡಿ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತೆ, ಕಥೆ ಕೈತಪ್ಪುತ್ತೆ.

ನಿಮ್ಮ ಜಿಲ್ಲೆಯವರೇ ಆದ ಕಥೆಗಾರ್ತಿ ಕೊಡಗಿನ ಗೌರಮ್ಮ 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು, ಮದುವೆಯಾಗಿ ಕಾಫಿ ತೋಟದ ಮನೆಯಲ್ಲಿದ್ದವರು. 1939ರಲ್ಲಿ ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡಾಗ ಅವರಿಗೆ ಬರೀ 27. ಕಿಟಕಿ ತೆರೆದರೆ ಅವರಿಗೂ ಇದೇ ಹಸಿರು ಕಾಣುತ್ತಿತ್ತು. ಆದರೂ ಅವರು ಕಥೆಗೆ ಎತ್ತಿಕೊಂಡಿದ್ದು ವಿಧವೆಯರ ಪಾಡು, ಮದುವೆಯ ಹೆಸರಲ್ಲಿ ಹೆಣ್ಣುಮಕ್ಕಳಿಗಾಗುವ ಅನ್ಯಾಯ. ಇವತ್ತಿಗೂ ಅವರನ್ನು ಓದುತ್ತಿರುವುದು ಅದಕ್ಕೇ ಅಂತ ನನ್ನ ಲೆಕ್ಕ.

ಒಂದು ಕೆಲಸ ಮಾಡಿ. ಹಾಜರಿ ಪುಸ್ತಕದ ಜೊತೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ಕಿವಿಗೆ ಬಿದ್ದ ಒಂದು ಮಾತು ಬರೆದುಕೊಳ್ಳಿ, ಅವರು ಆಡಿದ ಹಾಗೇ. ವರ್ಣನೆ ಬೇಡ, ‘ಅದ್ಭುತ ಸೂರ್ಯಾಸ್ತ’ ಖಂಡಿತ ಬೇಡ. ‘ಆನೆ ಬಂದಿದೆಯಂತೆ, ಇವತ್ತು ಕೆಲಸ ಇಲ್ಲ’ ಅಂದಾಗ ಯಾರು ಖುಷಿಪಟ್ಟರು, ಯಾರು ಆ ದಿನದ ಕೂಲಿ ಹೋಯ್ತು ಅಂತ ಗೊಣಗಿದರು, ಅಷ್ಟು ಸಾಕು. ಮತ್ತೆ, ಹೆಸರು, ಮನೆ, ಸಂಬಂಧ ಎಲ್ಲ ಬದಲಾಯಿಸಿ. ಸಣ್ಣ ಊರು, ಕೆಲಸಗಾರರ ಲೈನ್ ಮನೆಯಲ್ಲೂ ನಿಮ್ಮ ಕಥೆ ಓದುವವರು ಇರುತ್ತಾರೆ. ಸಂಬಳ ಕೊಡುವ ಧಣಿಯೂ ಓದಬಹುದು!

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟೂ ಇರಲ್ಲ, ಬರೆಯುವ ಮೂಡೂ ಇರಲ್ಲ. ಶುರು ಮಾಡಿದ ಕಥೆಗಳೆಲ್ಲ ಅರ್ಧಕ್ಕೇ ನಿಂತಿವೆ. ಏನು ಮಾಡಲಿ ಅಕ್ಕಾ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಮೂಡಿಗೆ ಕಾದರೆ ಅಕ್ಟೋಬರ್ ಬಂದುಬಿಡುತ್ತೆ ತಂಗಿ. ಪೆನ್ನಿಗೆ ಕರೆಂಟ್ ಬೇಡ. ಹೊಸದು ಶುರು ಮಾಡಬೇಡಿ, ಅರ್ಧ ನಿಂತಿರುವುದರಲ್ಲಿ ಒಂದನ್ನು ಆರಿಸಿ, ಸುಮ್ನೆ ಕೊನೆಯ ದೃಶ್ಯ ಮೊದಲು ಬರೆದುಬಿಡಿ. ನಡುವಿನ ದಾರಿ ಆಮೇಲೆ ಸಿಗುತ್ತೆ, ಸಿಗದಿದ್ದರೆ ಆ ಕಥೆ ಕೈಬಿಟ್ಟು ಇನ್ನೊಂದು ತಗೊಳ್ಳಿ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಕೊನೆಯ ದಿನಾಂಕ ಅಂತ ಒಂದಿರುತ್ತೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನನಗೆ ಗೊತ್ತಿರುವ ಎಷ್ಟೋ ಜನ ಆ ಭಯಕ್ಕೇ ಕಥೆ ಮುಗಿಸುತ್ತಾರೆ. ಪದಮಿತಿ ಮಾತ್ರ ಮೊದಲೇ ನೋಡಿಕೊಳ್ಳಿ, ಜಾಸ್ತಿಯಾದರೆ ಓದದೇ ಪಕ್ಕಕ್ಕಿಡುವುದೂ ಉಂಟು.