ಎರಡು ದೇಶಗಳಲ್ಲಿ ಹಂಚಿಹೋದ ಹಸ್ತಪ್ರತಿಯ ಬಗ್ಗೆ

ಹಸ್ತಪ್ರತಿಯ ಹಾಳೆಗಳು ಎರಡು ದೇಶಗಳಲ್ಲಿವೆ, ಒಟ್ಟಿಗೆ ತೋರಿಸಲು ಎಲ್ಲ ಚಿತ್ರಗಳನ್ನೂ ಒಂದೇ ಸರ್ವರ್‌ಗೆ ತರಬೇಕಾ ಎಂದು ಕೇಳಿದ್ದೀರಿ. ಬೇಕಿಲ್ಲ. ಬೇರೆ ಬೇರೆ ಸಂಸ್ಥೆಗಳ ಚಿತ್ರಗಳನ್ನು ಜಾಲದಲ್ಲಿ ಒಟ್ಟಿಗೆ ತೋರಿಸುವ ಟ್ರಿಪಲ್ ಐ ಎಫ್ (IIIF) ಎಂಬ ಮುಕ್ತ ಮಾನದಂಡ ಇರುವುದೇ ಇದಕ್ಕೆ. ಚಿತ್ರಗಳು ಆಯಾ ಗ್ರಂಥಾಲಯದಲ್ಲೇ ಉಳಿಯುತ್ತವೆ. ಯಾವ ಹಾಳೆ ಎಲ್ಲಿದೆ, ಯಾವುದರ ನಂತರ ಯಾವುದು ಎಂದು ಒಂದು ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಬರೆದರೆ ಸಾಕು, ಮಿರಾಡೋರ್‌ನಂಥ ತಂತ್ರಾಂಶ ಎರಡೂ ಕಡೆಯಿಂದ ತಂದು ಸಾಲಾಗಿ ತೋರಿಸುತ್ತದೆ. ಎರಡೂ ಗ್ರಂಥಾಲಯಗಳು ಈ ಮಾನದಂಡ ಬಳಸುತ್ತಿರಬೇಕು, ಅಷ್ಟೇ.

ಜಾಸ್ತಿ ಸಮಯ ಹಿಡಿಯುವುದು ಒಪ್ಪಂದ. 4ನೇ ಶತಮಾನದ ಗ್ರೀಕ್ ಬೈಬಲ್ ಹಸ್ತಪ್ರತಿ ಕೋಡೆಕ್ಸ್ ಸಿನೈಟಿಕಸ್ ನೋಡಿ. ಅದರ ಹಾಳೆಗಳು ಲಂಡನ್, ಲೈಪ್‌ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಈಜಿಪ್ಟ್‌ನ ಸಿನಾಯ್‌ನಲ್ಲಿರುವ ಸೇಂಟ್ ಕ್ಯಾಥರೀನ್ ಮಠದಲ್ಲಿವೆ. ಈ ನಾಲ್ಕೂ ಕಡೆಯ ಸಂಸ್ಥೆಗಳು ಒಪ್ಪಂದ ಮಾಡಿಕೊಂಡದ್ದು 2005ರಲ್ಲಿ, ಉಳಿದಿರುವ ಹಾಳೆಗಳೆಲ್ಲ ಜಾಲತಾಣಕ್ಕೆ ಬಂದದ್ದು 2009ರಲ್ಲಿ. ಹಾಳೆಗಳು ಮಠದಿಂದ ಹೇಗೆ ಹೊರಹೋದವು ಎಂಬುದು ಹಳೆಯ ಜಗಳ. ಆ ಇತಿಹಾಸವನ್ನು ಒಟ್ಟಿಗೆ ಪರಿಶೀಲಿಸುವುದೂ ಒಪ್ಪಂದದಲ್ಲೇ ಸೇರಿತ್ತು. ನನಗೆ ಅದು ಜಾಣತನ ಅನಿಸುತ್ತದೆ. ಮೂಲ ಯಾರದು ಎಂಬ ವಾದ ಮುಗಿಯಲಿ ಎಂದು ಕಾದಿದ್ದರೆ ಒಂದು ಪುಟವೂ ತೆರೆಯ ಮೇಲೆ ಬರುತ್ತಿರಲಿಲ್ಲ, ಅಲ್ವಾ?

ನೀವು ಮೊದಲು ಬಳಕೆಯ ಹಕ್ಕು ಕೇಳಿ, ಬರಹದಲ್ಲೇ ಪಡೆಯಿರಿ. ಹೊಸದಾಗಿ ಫೋಟೋ ತೆಗೆಯುವುದಾದರೆ ಎರಡೂ ಕಡೆ ಒಂದೇ ರೆಸಲ್ಯೂಷನ್, ಬಣ್ಣ ಹೋಲಿಸಲು ಹಾಳೆಯ ಪಕ್ಕ ಇಡುವ ಬಣ್ಣಗಳ ಪಟ್ಟಿಯೂ ಒಂದೇ ಇರಲಿ. ಇಲ್ಲದಿದ್ದರೆ ಎದುರುಬದುರು ಪುಟಗಳು ಬೇರೆ ಬೇರೆ ಪುಸ್ತಕದವೇನೋ ಎನಿಸುತ್ತವೆ. ಎರಡೂ ಗ್ರಂಥಾಲಯಗಳ ಹಳೆಯ ಹಾಳೆ ಸಂಖ್ಯೆಗಳನ್ನು ಮಾತ್ರ ಅಳಿಸಬೇಡಿ, ಹೊಸ ಸಂಖ್ಯೆಯ ಪಕ್ಕದಲ್ಲೇ ಇಡಿ.